ಹನಿಕೋಂಬ್ಸ್ ತಂಡ ಒಂದು ಹಾಡಿಗೇ ಯಾಕೆ ಮರೆಯಾಯ್ತು?

1964ರಲ್ಲಿ "ಹ್ಯಾವ್ ಐ ದ ರೈಟ್" ಹಾಡಿದ ಬ್ರಿಟಿಷ್ ಪಾಪ್ ತಂಡ ಹನಿಕೋಂಬ್ಸ್‌ನವರು ಆಮೇಲೆ ಎಲ್ಲಿ ಹೋದರು, ಹುಡುಗಿಯನ್ನು ಡ್ರಮ್ಸಿಗೆ ಕೂರಿಸಿದ್ದು ಬರೀ ಗಿಮಿಕ್ಕಾ ಅಂತ ಕೇಳಿದ್ದೀರಿ. ಎರಡನೆಯದನ್ನು ಮೊದಲು ಮುಗಿಸಿಬಿಡುತ್ತೇನೆ. ಗಿಮಿಕ್ ಅಲ್ಲ.

ತಂಡ ಕಟ್ಟಿದ ಮಾರ್ಟಿನ್ ಮರ್ರೆ ಲಂಡನ್ನಿನಲ್ಲಿ ಕೂದಲು ಕತ್ತರಿಸುವ ಕೆಲಸದವನು. ಹನಿ ಲ್ಯಾಂಟ್ರಿ ಅವನ ಸಲೂನಿನಲ್ಲಿ ಸಹಾಯಕಿ. ಅವನ ಹತ್ತಿರ ಗಿಟಾರ್ ಕಲಿಯಲು ಹೋದವಳು ಸುಮ್ನೆ ಡ್ರಮ್ಸ್ ಮುಂದೆ ಕೂತು ಬಾರಿಸಿದಳು, ಅಲ್ಲೇ ಉಳಿದಳು. 1963ರ ಕೊನೆಗೆ ತಂಡ ಶುರುವಾದಾಗ ಹೆಸರು ಷೆರಟನ್ಸ್. ಅವಳ ಅಣ್ಣ ಜಾನ್ ಬೇಸ್ ಗಿಟಾರಿಗೆ, ರೈಲ್ವೆ ಸಿಗ್ನಲ್‌ಮನ್ ಆಗಿದ್ದ ಡೆನ್ನಿಸ್ ಡೆಲ್ ಹಾಡಲಿಕ್ಕೆ. ರೆಕಾರ್ಡ್ ಕಂಪನಿ ಪೈ ರೆಕಾರ್ಡ್ಸ್‌ನವರಿಗೆ ಆ ಹೆಸರು ಹಿಡಿಸಲಿಲ್ಲ. ಹನಿ ಅಂದರೆ ಅವಳ ಅಡ್ಡಹೆಸರು (ನಮ್ಮ ಮಳೆಹನಿ ಅಲ್ಲ, ಜೇನು), ಕೋಂಬ್ ಅಂದರೆ ಬಾಚಣಿಗೆ. ಎರಡೂ ಸೇರಿದರೆ ಜೇನುಹಟ್ಟಿ. ಬುದ್ಧಿವಂತಿಕೆ ಅಂದ್ರೆ ಇದು!

ಈಗ ಹೆಡ್‌ಫೋನ್ ಹಾಕಿಕೊಂಡು ಆ ಹಾಡು ಕೇಳಿ. ಪಲ್ಲವಿ ಬಂದ ಕೂಡಲೇ ಧಡ್ ಧಡ್ ಅಂತ ಒಂದು ಸದ್ದು ಡ್ರಮ್ಸ್ ಜೊತೆಗೇ ಬರುತ್ತದೆ. ಅದು ಕಾಲಿನದು. ಹಾಡನ್ನು ರೆಕಾರ್ಡ್ ಮಾಡಿದ ನಿರ್ಮಾಪಕ ಜೋ ಮೀಕ್‌ನ ಸ್ಟುಡಿಯೋ ಅಂದರೆ ಅವನ ಮನೆಯೇ: ಲಂಡನ್ನಿನ 304, ಹಾಲೊವೇ ರೋಡ್, ಕೆಳಗೆ ಚರ್ಮದ ಸಾಮಾನಿನ ಅಂಗಡಿ. ತಂಡದವರನ್ನು ಮರದ ಮೆಟ್ಟಿಲ ಮೇಲೆ ನಿಲ್ಲಿಸಿ ತಾಳಕ್ಕೆ ಸರಿಯಾಗಿ ತುಳಿಸಿದ. ಮೈಕುಗಳನ್ನು ಮೆಟ್ಟಿಲ ಕಟಕಟೆಗೆ ಸೈಕಲ್ ಕ್ಲಿಪ್ಪಿನಿಂದ ಸಿಕ್ಕಿಸಿದ್ದ. ಅದೂ ಸಾಲದೆ ಇನ್ನೊಂದು ಮೈಕಿಗೆ ನೇರವಾಗಿ ತಂಬೂರಿನ್ (ಅಂಚಿಗೆ ಸಣ್ಣ ತಾಳಗಳಿರುವ ಕೈವಾದ್ಯ) ಬಡಿಸಿದ. ಟೇಪಿನ ವೇಗ ಒಂಚೂರು ಜಾಸ್ತಿ ಮಾಡುವುದಂತೂ ಅವನ ಹಳೇ ಚಾಳಿ.

1964ರ ಜೂನ್‌ನಲ್ಲಿ ರೆಕಾರ್ಡ್ ಬಂತು. ಮೊದಲು ಯಾರೂ ಕಣ್ಣೆತ್ತಿ ನೋಡಲಿಲ್ಲ. ಹಡಗಿನಿಂದ ಪ್ರಸಾರ ಮಾಡುತ್ತಿದ್ದ ರೇಡಿಯೋ ಕ್ಯಾರೊಲಿನ್ ಮತ್ತೆ ಮತ್ತೆ ಹಾಕಿತು. ಆಗಸ್ಟ್ ಕೊನೆಗೆ ಬ್ರಿಟನ್ನಿನ ಹಿಟ್ ಹಾಡುಗಳ ಪಟ್ಟಿಯಲ್ಲಿ ನಂಬರ್ 1, ಆಮೇಲೆ ಅಮೆರಿಕದಲ್ಲಿ 5.

ಅಲ್ಲಿಂದ ಇಳಿಜಾರು. ಮುಂದಿನ "ಈಸ್ ಇಟ್ ಬಿಕಾಸ್" ಬ್ರಿಟನ್ನಿನಲ್ಲಿ 38ರಲ್ಲೇ ನಿಂತಿತು. "ಐಸ್" ಪಟ್ಟಿಗೇ ಸೇರಲಿಲ್ಲ. ಇನ್ನೊಂದು ಬ್ರಿಟಿಷ್ ತಂಡ ಕಿಂಕ್ಸ್‌ನ ರೇ ಡೇವಿಸ್ ಬರೆದ ಹಾಡೂ ದಡ ಮುಟ್ಟಲಿಲ್ಲ, 39. ಕಾರಣ ಹಲವು. ಹೆಸರು ಬಂದ ಹೊತ್ತಲ್ಲೇ ತಂಡವನ್ನು ಆಸ್ಟ್ರೇಲಿಯಾ, ಜಪಾನ್ ಅಂತ ದೂರ ಕಳಿಸಿದರು. ಟೋಕಿಯೋದಲ್ಲಿ ಲೈವ್ ಆಲ್ಬಮ್ ಆಯ್ತು, ಸ್ವೀಡನ್ನಿನಲ್ಲೂ ಅಭಿಮಾನಿಗಳಿದ್ದರು. ಆದರೆ ಲಂಡನ್ನಿನಲ್ಲಿ ಮುಖ ತೋರಿಸುವವರೇ ಇಲ್ಲ. ಮರ್ರೆ ಬಿದ್ದು ಕಾಲು ಮುರಿದುಕೊಂಡು ತಂಡದಿಂದ ಹೊರಬಿದ್ದ. ನನಗನಿಸುವ ದೊಡ್ಡ ಕಾರಣ ಬೇರೆ. ಆ ಹಾಡಿನಲ್ಲಿ ಅರ್ಧ ಪಾಲು ಮೀಕ್‌ನ ಮನೆಯದು. ಮೆಟ್ಟಿಲನ್ನು ವೇದಿಕೆಗೆ ಹೊತ್ತುಕೊಂಡು ಹೋಗೋಕಾಗಲ್ಲ, ಅಲ್ವಾ? ಅಷ್ಟರಲ್ಲಿ ಕಿಂಕ್ಸ್‌ನಂಥವರು ಗಿಟಾರಿನ ಸದ್ದನ್ನೇ ಒರಟು ಮಾಡಿ ಕೇಳುಗರ ರುಚಿ ಬದಲಿಸಿದ್ದರು. ಹನಿಕೋಂಬ್ಸ್‌ನ ಹಾಡನ್ನು ನಂಬರ್ 1ರಿಂದ ಇಳಿಸಿದ್ದೂ ಕಿಂಕ್ಸ್‌ನವರೇ.

1966ರಲ್ಲಿ ಡೆಲ್ ಸೇರಿದಂತೆ ಮೂವರು ಬಿಟ್ಟರು. 1967ರ ಫೆಬ್ರವರಿ 3ರಂದು ಮೀಕ್ ತನ್ನ ಮನೆಯೊಡತಿಯನ್ನು ಗುಂಡಿಟ್ಟು ಕೊಂದು ತಾನೂ ಸತ್ತ. ಅಂಥ ಕ್ರೌರ್ಯವನ್ನು ಸಂಗೀತದ ದಂತಕಥೆ ಮಾಡಿ ಹೇಳುವವರನ್ನು ಕಂಡರೆ ನನಗೆ ಆಗಲ್ಲ. ತಂಡವೂ ಅದೇ ವರ್ಷ ಮುಗಿಯಿತು. ಡೆಲ್ 2005ರಲ್ಲಿ ತೀರಿಕೊಂಡ, ಹನಿ 2018ರಲ್ಲಿ.

ಅಂದ ಹಾಗೆ "ಒಂದೇ ಹಾಡು" ಅನ್ನೋದು ಪೂರ್ತಿ ಸರಿಯಲ್ಲ. 1965ರ "ದಟ್ಸ್ ದ ವೇ" 12ರ ತನಕ ಏರಿತ್ತು. ಅದರಲ್ಲಿ ಡೆಲ್ ಜೊತೆ ಹಾಡುವ ಹೆಣ್ಣು ದನಿ ಹನಿಯದೇ.