ಲಾರಿಸಾ ಶೆಪಿಟ್ಕೊ ಯಾರು? ಕೆಲವೇ ಚಿತ್ರ ಮಾಡಿದರೂ ಅವರಿಗೆ ಅಷ್ಟು ಹೆಸರು ಏಕೆ?

ಸೋವಿಯತ್ ಚಿತ್ರ ನಿರ್ದೇಶಕಿ ಶೆಪಿಟ್ಕೊ ಹುಟ್ಟಿದ್ದು 1938ರಲ್ಲಿ, ಉಕ್ರೇನಿನ ಇಂದಿನ ಬಾಖ್ಮುತ್‌ನಲ್ಲಿ. ಮಾಸ್ಕೋದ ಚಲನಚಿತ್ರ ಸಂಸ್ಥೆಯಲ್ಲಿ ಹೆಸರಾಂತ ನಿರ್ದೇಶಕ ಡೊವ್ಝೆಂಕೊ ಅವರ ಶಿಷ್ಯೆ. ಕಿರ್ಗಿಸ್ತಾನದ ಸುಡುಬಿಸಿಲಲ್ಲಿ ಡಿಪ್ಲೊಮಾ ಚಿತ್ರ ತೆಗೆಯುವಾಗ ಕಾಮಾಲೆಯಾಯಿತು. ಸ್ಟ್ರೆಚರ್ ಮೇಲೆ ಮಲಗಿಕೊಂಡೇ ನಿರ್ದೇಶನ ಮಾಡಿದರು. ಆ ಚಿತ್ರಕ್ಕೆ ನೆರವಾದ ಎಲೆಮ್ ಕ್ಲಿಮೊವ್ ಅವರನ್ನೇ ಮುಂದೆ ಮದುವೆಯಾದರು. ಅವರೂ ದೊಡ್ಡ ನಿರ್ದೇಶಕರೇ.

1966ರ ‘ವಿಂಗ್ಸ್’ನಲ್ಲಿ ಯುದ್ಧವಿಮಾನ ಹಾರಿಸುತ್ತಿದ್ದ ಹೆಣ್ಣುಮಗಳೊಬ್ಬಳು ಈಗ ಶಾಲೆಯ ಮುಖ್ಯಸ್ಥೆ. ಶಾಂತಿಕಾಲದ ಬದುಕಿಗೆ ಅವಳು ಒಗ್ಗಲೇ ಇಲ್ಲ. ಮುಂದಿನ ವರ್ಷದ ಕಿರುಚಿತ್ರವನ್ನು ಅಧಿಕಾರಿಗಳು ಬಿಡುಗಡೆಯಾಗದಂತೆ ತಡೆದರು.

ನನ್ನ ಮಟ್ಟಿಗೆ ಅವರ ಶಿಖರ ‘ದಿ ಅಸೆಂಟ್’. ನಾಜಿಗಳು ಆಕ್ರಮಿಸಿದ ಬೆಲಾರೂಸ್‌ನಲ್ಲಿ ಇಬ್ಬರು ಗೆರಿಲ್ಲಾಗಳು ಸೆರೆಸಿಕ್ಕುತ್ತಾರೆ. ಒಬ್ಬ ಚಿತ್ರಹಿಂಸೆಗೂ ಬಗ್ಗುವುದಿಲ್ಲ, ಇನ್ನೊಬ್ಬ ಜೀವ ಉಳಿಸಿಕೊಳ್ಳಲು ಶತ್ರುವಿನ ಪಕ್ಷ ಸೇರುತ್ತಾನೆ. ಆ ಬಗ್ಗದವನೇ ಸೊಟ್ನಿಕೊವ್; ನೇಣಿನ ಮುಂದೆ ನಿಂತು ಅವನು ಗುಂಪಿನಲ್ಲಿದ್ದ ಒಬ್ಬ ಹುಡುಗನತ್ತ ನೋಡಿ ನಗುತ್ತಾನೆ. ಕ್ಯಾಮೆರಾ ಆ ಎರಡು ಮುಖಗಳನ್ನು ಬಿಟ್ಟು ಕದಲುವುದಿಲ್ಲ. ರಷ್ಯಾದ ಮೂರೊಮ್ ಪಟ್ಟಣದ ಸುತ್ತ ಕೊರೆಯುವ ಚಳಿಗಾಲದಲ್ಲಿ ಚಿತ್ರೀಕರಣ ನಡೆಯಿತು. ಧಾರ್ಮಿಕ ಛಾಯೆಯಿದೆ ಎಂದು ಚಿತ್ರಕ್ಕೆ ತಡೆಯೊಡ್ಡುವ ಭಯವಿತ್ತು. ಬೆಲಾರೂಸ್‌ನ ಕಮ್ಯುನಿಸ್ಟ್ ಪಕ್ಷದ ನಾಯಕ, ಸ್ವತಃ ಗೆರಿಲ್ಲಾ ಆಗಿದ್ದ ಮಾಶೆರೊವ್ ನೋಡಿ ಕಣ್ಣೀರಿಟ್ಟ ಮೇಲೆ ದಾರಿ ಸುಗಮವಾಯಿತು. 1977ರಲ್ಲಿ ಬರ್ಲಿನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಗೋಲ್ಡನ್ ಬೇರ್ ಇದಕ್ಕೇ ಸಿಕ್ಕಿತು.

1979ರ ಜುಲೈನಲ್ಲಿ, ಮುಂದಿನ ಚಿತ್ರದ ಕೆಲಸದ ನಡುವೆ ಕಾರು ಅಪಘಾತದಲ್ಲಿ ತೀರಿಕೊಂಡರು. ಆಗ ವಯಸ್ಸು ಕೇವಲ 41. ತಂಡದ ಇನ್ನು ಕೆಲವರೂ ಅದರಲ್ಲೇ ಸತ್ತರು. ಆ ಚಿತ್ರ ‘ಫೇರ್‌ವೆಲ್’ಅನ್ನು ಕ್ಲಿಮೊವ್ ಪೂರ್ತಿ ಮಾಡಿದರು. ನೀವು ಹೊಸಬರಾದರೆ ‘ವಿಂಗ್ಸ್’ನಿಂದ ಶುರುಮಾಡಿ, ಆಮೇಲೆ ‘ದಿ ಅಸೆಂಟ್’ ನೋಡಿ.