ಥಂಡಿಗೆ ಎಂಥ ಸ್ಲೀಪಿಂಗ್ ಬ್ಯಾಗ್ ಕೊಳ್ಳಬೇಕು?

ದೀಪಾವಳಿ ಮುಗಿಯುತ್ತಿದ್ದಂತೆ ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಓದುಗರಿಂದ ಬಂದ ಪತ್ರಗಳಲ್ಲಿ ಸ್ಲೀಪಿಂಗ್ ಬ್ಯಾಗಿನ, ಅಂದರೆ ಒಳಹೊಕ್ಕು ಮಲಗುವ ಚೀಲದ, ಪ್ರಶ್ನೆಗಳೇ ಹೆಚ್ಚು. ಹಂಪಿ ಬಳಿಯ ಸಣಾಪುರದ ಕೆರೆ ದಂಡೆಗೆ ಬೇಕಾದದ್ದು ಬೇರೆ, ಹಿಮಾಲಯಕ್ಕೆ ಬೇಕಾದದ್ದು ಬೇರೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಡಿಸೆಂಬರ್ ಕೊನೇ ವಾರ ಉತ್ತರಾಖಂಡದ ಕೇದಾರಕಂಠಕ್ಕೆ ನಾಲ್ಕು ಮಂದಿ ಹೊಂಟೀವಿ. ಅಂಗಡಿಯಲ್ಲಿ ‘ಮೈನಸ್ 10’ ಅಂತ ದಪ್ಪಗೆ ಬರೆದಿರೋ ಚೀಲ ತೋರಿಸಿದ್ರು. ಒಳಗಿನ ಪಟ್ಟಿಯಲ್ಲಿ ಸಣ್ಣಕ್ಷರದಾಗ ಇನ್ನೂ ಎರಡು ಅಂಕಿ ಅದಾವು. ಯಾವುದನ್ನ ನಂಬಬೇಕ್ರಿ?
— ಓದುಗರು, ಬಳ್ಳಾರಿ

ಉತ್ತರ: ಸಣ್ಣಕ್ಷರದ್ದನ್ನೇ ನಂಬಿ, ಅದರಲ್ಲೂ ‘ಕಂಫರ್ಟ್’ ಎಂದಿರುವ ಅಂಕಿಯನ್ನು. ಹೊರಗೆ ದಪ್ಪಗೆ ಅಚ್ಚಾಗಿರುವುದು ಬಹಳ ಸಲ ‘ಎಕ್ಸ್‌ಟ್ರೀಮ್’ ಅಂಕಿ. ಪಟ್ಟಿಯ ಮೇಲೆ ಐಎಸ್‌ಒ 23537 ಅಥವಾ ಅದರ ಹಿಂದಿನ ಇಎನ್ 13537 ಎಂಬ ಮಾನಕದ ಹೆಸರಿದ್ದರೆ, ಪ್ರಯೋಗಾಲಯದಲ್ಲಿ ಮೈ ಬಿಸಿಯಿರುವ ಗೊಂಬೆಯನ್ನು ಒಳಗೆ ಮಲಗಿಸಿ ಚೀಲವನ್ನು ಅಳೆದಿದ್ದಾರೆ ಎಂದರ್ಥ. ಹೆಣ್ಣುಮಗಳೊಬ್ಬಳು ಆರಾಮಾಗಿ ಮಲಗಬಹುದಾದ ತಾಪ ಕಂಫರ್ಟ್. ಗಂಡಸೊಬ್ಬ ಮುದುಡಿಕೊಂಡು ಹೇಗೋ ರಾತ್ರಿ ಕಳೆಯಬಹುದಾದದ್ದು ಲಿಮಿಟ್. ಎಕ್ಸ್‌ಟ್ರೀಮ್ ಎಂದರೆ ಆರು ಗಂಟೆ ಜೀವ ಹಿಡಿದುಕೊಂಡಿರಬಹುದು ಅಷ್ಟೆ. ಮೈ ತಣ್ಣಗಾಗಿ ಆಸ್ಪತ್ರೆ ಸೇರುವ ಅಪಾಯ ಅದರಲ್ಲೇ ಇದೆ. ಎಕ್ಸ್‌ಟ್ರೀಮ್ ಮೈನಸ್ 10 ಇರುವ ಚೀಲದ ಕಂಫರ್ಟ್ 5ರಿಂದ 8 ಡಿಗ್ರಿಯ ಆಸುಪಾಸು ಇರುವುದು ಮಾಮೂಲು. ಆ ಗೊಂಬೆಗೂ ಉದ್ದ ತೋಳಿನ ಒಳಉಡುಪು, ಮೊಣಕಾಲಿನವರೆಗಿನ ಕಾಲುಚೀಲ ತೊಡಿಸಿ, ಕೆಳಗೆ ಮ್ಯಾಟ್ ಹಾಸಿರುತ್ತಾರೆ ಎಂಬುದನ್ನೂ ಮರೆಯಬೇಡಿ. ಯಾವ ಮಾನಕದ ಹೆಸರೂ ಇಲ್ಲದೆ ಬರೀ ‘ಮೈನಸ್ 10’ ಎಂದಿದ್ದರೆ ಅದು ತಯಾರಕರ ಅಂದಾಜು.

ನಿಮಗೆಷ್ಟು ಬೇಕು? ಎತ್ತರ ಒಂದು ಸಾವಿರ ಮೀಟರ್ ಏರಿದರೆ ತಾಪ ಸುಮಾರು 6.5 ಡಿಗ್ರಿ ಇಳಿಯುತ್ತದೆ. ಬಳ್ಳಾರಿ ಇರುವುದು ಐನೂರು ಮೀಟರಿಗೂ ತುಸು ಕೆಳಗೆ. ಕೇದಾರಕಂಠದ ತುದಿ ಸುಮಾರು 3,800 ಮೀಟರ್. ಶಿಬಿರ 3,400ರ ಹತ್ತಿರ ಎಂದಿಟ್ಟುಕೊಳ್ಳಿ. ಎತ್ತರವೊಂದರಿಂದಲೇ ಹತ್ತೊಂಬತ್ತು ಡಿಗ್ರಿ ಹೋಯಿತು. ಬಳ್ಳಾರಿಯ ಡಿಸೆಂಬರ್ ರಾತ್ರಿಯ 16ರಲ್ಲಿ ಅದನ್ನು ಕಳೆದರೆ ಮೈನಸ್ 3. ಮೇಲೆ ಉತ್ತರದ ಚಳಿ, ನೆಲದ ಹಿಮ, ಮೋಡವಿಲ್ಲದ ಆಕಾಶ. ಮೈನಸ್ 8, 10ಕ್ಕೆ ಸಿದ್ಧರಾಗಿಯೇ ಹೋಗಬೇಕು. ಅಂದರೆ ಕಂಫರ್ಟ್ ಅಂಕಿಯೇ ಮೈನಸ್ 8ರಿಂದ 10 ಇರುವ ಚೀಲ.

ಆದರೆ ಅದನ್ನು ಕೊಳ್ಳಬೇಡಿ ಎಂಬುದು ನಮ್ಮ ಸಲಹೆ. ಅಂಥ ಚೀಲ ದುಬಾರಿ. ಊರಿಗೆ ವಾಪಸು ಬಂದ ಮೇಲೆ ನಮ್ಮ ಕಡೆಯ 15 ಡಿಗ್ರಿಯ ರಾತ್ರಿಯಲ್ಲಿ ಅದರೊಳಗೆ ಬೆವರಿ ಎದ್ದು ಕೂರುತ್ತೀರಿ. ಚಾರಣ ನಡೆಸುವವರಿಂದ ಬಾಡಿಗೆಗೆ ಪಡೆಯಿರಿ; ಮೊದಲೇ ಫೋನ್ ಮಾಡಿ ಕಂಫರ್ಟ್ ಅಂಕಿ ಎಷ್ಟೆಂದು ಕೇಳಿ. ಕೈಗೆ ಬಂದಾಗ ಬಿಚ್ಚಿ ಹಾಸಿ, ಅರ್ಧ ಗಂಟೆ ಬಿಟ್ಟು ನೋಡಿ. ಉಬ್ಬದೆ ರೊಟ್ಟಿಯಂತೆ ಚಪ್ಪಟೆ ಬಿದ್ದಿದ್ದರೆ ಬೇರೆ ಕೇಳಿ. ಜಿಪ್ಪನ್ನು ಎರಡೂ ತುದಿಯವರೆಗೆ ಎಳೆದು ನೋಡಿ. ಬೆಳಕಿಗೆ ಹಿಡಿದರೆ ಒಂದೆಡೆ ಗಂಟು, ಪಕ್ಕದಲ್ಲಿ ಬರೀ ಬಟ್ಟೆ ಕಾಣುತ್ತದೆಯೇ ಎಂದು ಗಮನಿಸಿ; ಆ ಬರೀ ಬಟ್ಟೆಯ ಜಾಗದಿಂದಲೇ ರಾತ್ರಿ ಥಂಡಿ ನುಗ್ಗುವುದು. ಕೈಯಿಂದ ಹಣ ಹಾಕಿ ಕೊಳ್ಳುವುದಾದರೆ ಲೈನರ್ (ಚೀಲದೊಳಗೆ ಹಾಕುವ ತೆಳು ಒಳಚೀಲ) ಮತ್ತು ಮ್ಯಾಟ್ ಕೊಳ್ಳಿ. ಊರ ಕಡೆಯ ಬಳಕೆಗೆ ಕಂಫರ್ಟ್ 8ರಿಂದ 10 ಡಿಗ್ರಿಯ ಸಿಂಥೆಟಿಕ್, ಅಂದರೆ ಕೃತಕ ಎಳೆ ತುಂಬಿದ, ಚೀಲ ಸಾಕು.

ಪ್ರಶ್ನೆ: ‘ಡೌನ್’ ಚೀಲ, ಸಿಂಥೆಟಿಕ್ ಚೀಲ ಅಂತಾರಲ್ಲ, ಯಾವುದು ಬೆಚ್ಚಗ?
— ಓದುಗರು, ಸಿಂಧನೂರು

ಉತ್ತರ: ಹಳೇ ಗಾದಿಯ ಅರಳೆಯನ್ನು ಹಿಂಜಿಸಿದ ಮೇಲೆ ಅದೇ ಗಾದಿ ಮತ್ತೆ ಬೆಚ್ಚಗಾಗುವುದನ್ನು ನೀವು ಬಲ್ಲಿರಿ. ಅರಳೆಯ ತೂಕ ಹೆಚ್ಚಿರುವುದಿಲ್ಲ, ಎಳೆಗಳ ನಡುವೆ ಗಾಳಿ ಸೇರಿರುತ್ತದೆ. ಸ್ಲೀಪಿಂಗ್ ಬ್ಯಾಗಿನ ಕೆಲಸವೂ ಅಷ್ಟೇ: ಅಲುಗಾಡದ ಗಾಳಿಯನ್ನು ಮೈ ಸುತ್ತ ಹಿಡಿದಿಡುವುದು. ಡೌನ್ ಎಂದರೆ ಬಾತುಕೋಳಿಯ ಎದೆಭಾಗದ ಮೆತ್ತನೆಯ ತುಪ್ಪುಳ. ಕಡಿಮೆ ತೂಕದಲ್ಲಿ ಅತಿ ಹೆಚ್ಚು ಉಬ್ಬುತ್ತದೆ. ಪಟ್ಟಿಯ ಮೇಲಿನ 550, 650, 800 ಎಂಬ ಫಿಲ್ ಪವರ್, ಒಂದು ಔನ್ಸ್, ಅಂದರೆ 28 ಗ್ರಾಂ ತುಪ್ಪುಳ ಎಷ್ಟು ಘನ ಇಂಚು ಉಬ್ಬುತ್ತದೆ ಎಂಬುದರ ಲೆಕ್ಕ. ಈ ಅಂಕಿ ನೋಡಿ ಮರುಳಾಗಬೇಡಿ. ಒಳಗೆ ಎಷ್ಟು ಗ್ರಾಂ ತುಂಬಿದ್ದಾರೆ ಎಂಬುದನ್ನೂ ಕೇಳಿ. 800ರ ತುಪ್ಪುಳ ಚಿಟಿಕೆಯಷ್ಟೇ ಇದ್ದರೆ ಪ್ರಯೋಜನವಿಲ್ಲ.

ಡೌನ್‌ನ ವೈರಿ ನೀರು. ಒದ್ದೆಯಾದರೆ ಉಂಡೆಗಟ್ಟಿ ಉಬ್ಬು ಹೋಗುತ್ತದೆ. ಸಿಂಥೆಟಿಕ್ ಅಷ್ಟೇ ಬೆಚ್ಚಗಿಡಲು ಹೆಚ್ಚು ತೂಗುತ್ತದೆ, ಹೆಚ್ಚು ಜಾಗ ತಿನ್ನುತ್ತದೆ, ವರ್ಷಗಳು ಕಳೆದಂತೆ ಬೇಗ ಚಪ್ಪಟೆಯಾಗುತ್ತದೆ. ಆದರೆ ಒದ್ದೆಯಾದರೂ ಪೂರ್ತಿ ಕೈಬಿಡುವುದಿಲ್ಲ, ಬೇಗ ಒಣಗುತ್ತದೆ, ಬೆಲೆಯೂ ಕಡಿಮೆ. ಬೈಕಿನಲ್ಲೋ ಕಾರಿನಲ್ಲೋ ಹೋಗಿ ನದಿ, ಕೆರೆ ಪಕ್ಕ ಮಲಗುವವರಿಗೆ ಸಿಂಥೆಟಿಕ್ ಲೇಸು. ಬೆನ್ನ ಮೇಲೆ ಹೊತ್ತು ದಿನಗಟ್ಟಲೆ ನಡೆಯುವವರಿಗೆ ಡೌನ್.

ಅಂಗಡಿಯಲ್ಲಿ ಸ್ವೆಟರ್ ತೊಟ್ಟು ಒಳಗೆ ಮಲಗಿ ನೋಡಿ. ಕಾಲು ಚಾಚಿದಾಗ ಬೆರಳ ಮುಂದೆ ನಾಲ್ಕು ಬೆರಳಷ್ಟು ಜಾಗ ಉಳಿಯಬೇಕು. ಪಾದ ಒತ್ತಿದರೆ ಅಲ್ಲಿನ ತುಂಬಣಿ ನಲುಗಿ ಬೆರಳುಗಳೇ ಮೊದಲು ಮರಗಟ್ಟುತ್ತವೆ. ತೀರ ದೊಡ್ಡದಾದರೂ ತಪ್ಪೇ, ಒಳಗಿನ ಖಾಲಿ ಜಾಗವನ್ನೆಲ್ಲ ನಿಮ್ಮ ಮೈಯೇ ಕಾಯಿಸಬೇಕಾಗುತ್ತದೆ. ಹಿಮದ ಕಡೆಗಾದರೆ ತಲೆಗೆ ಕುಲಾವಿಯಂತೆ ಬಿಗಿಯುವ ಹುಡ್ ಇರಬೇಕು, ಕುತ್ತಿಗೆಯ ಸುತ್ತ ದಪ್ಪ ಕಾಲರ್ ಇರಬೇಕು, ಜಿಪ್ಪಿನ ಉದ್ದಕ್ಕೂ ಒಳಗಡೆ ತುಂಬಿದ ಪಟ್ಟಿ ಇರಬೇಕು. ಈ ಪಟ್ಟಿ ಇಲ್ಲದ ಚೀಲದಲ್ಲಿ ಜಿಪ್ಪಿನ ಹಲ್ಲುಗಳ ಸಂದಿನಿಂದ ಗಾಳಿ ಸೂಜಿಯಂತೆ ಚುಚ್ಚುತ್ತದೆ.

ಪ್ರಶ್ನೆ: ಹೋದ ಜನವರಿಯಾಗ ಸಣಾಪುರದ ಬಂಡಿಗಲ್ಲಿನ ಮ್ಯಾಲೆ ಟೆಂಟ್ ಹಾಕಿದ್ವಿ. ಚೀಲ ಚಲೋ ಐತಿ, ಕೆಳಗ ಗಾಳಿ ತುಂಬೋ ಹಾಸಿಗೀನೂ ಇತ್ತು. ಆದ್ರೂ ಬೆನ್ನು ಕೊರೀತಿತ್ತು. ಚೀಲ ಬದಲಿ ಮಾಡಬೇಕೇನ್ರಿ?
— ಓದುಗರು, ಗಂಗಾವತಿ

ಉತ್ತರ: ಚೀಲದ ತಪ್ಪಲ್ಲ, ಬದಲಿಸಬೇಡಿ. ಮಲಗಿದಾಗ ಮೈಭಾರಕ್ಕೆ ಬೆನ್ನಡಿಯ ತುಂಬಣಿ ಕಾಗದದಂತೆ ಒತ್ತಿಹೋಗುತ್ತದೆ, ಅದರಲ್ಲಿ ಗಾಳಿಯೇ ಉಳಿಯುವುದಿಲ್ಲ. ಎಷ್ಟು ದುಬಾರಿ ಚೀಲವಾದರೂ ಬೆನ್ನಿನ ಕೆಳಗೆ ಬರೀ ಎರಡು ಪದರ ಬಟ್ಟೆ. ಆ ಕೆಲಸ ಮಾಡಬೇಕಾದ್ದು ಮ್ಯಾಟ್. ನಿಮ್ಮ ಗಾಳಿ ಹಾಸಿಗೆಯ ಒಳಗೆ ಬರೀ ಟೊಳ್ಳು. ಮೇಲೆ ಮೈಯಿಂದ ಬಿಸಿಯಾದ ಗಾಳಿ, ಕೆಳಗೆ ಬಂಡೆಯಿಂದ ತಣ್ಣಗಾದ ಗಾಳಿ. ಹೊರಳಿದಾಗಲೆಲ್ಲ ಎರಡೂ ಕದಡಿ ಶಾಖ ಕೆಳಕ್ಕೆ ಸೋರುತ್ತದೆ. ಸಾಲದ್ದಕ್ಕೆ ನೀವು ಮಲಗಿದ್ದು ಗ್ರಾನೈಟ್ ಬಂಡೆಯ ಮೇಲೆ. ಸಂಜೆ ಕುಳಿತಾಗ ಅದು ಹಗಲಿನ ಬಿಸಿಲುಂಡು ಬೆಚ್ಚಗೇ ಇರುತ್ತದೆ. ನಸುಕಿನ ಹೊತ್ತಿಗೆ ಆ ಬಿಸಿ ಮುಗಿದು, ಒಣ ಮಣ್ಣಿಗಿಂತ ಹಲವು ಪಟ್ಟು ವೇಗವಾಗಿ ಮೈಯ ಶಾಖ ಎಳೆಯುತ್ತದೆ.

ಮ್ಯಾಟ್ ಕೊಳ್ಳುವಾಗ ‘ಆರ್ ವ್ಯಾಲ್ಯೂ’ ನೋಡಿ. ಹೆಚ್ಚಿದ್ದಷ್ಟೂ ನೆಲದ ಥಂಡಿ ಕಡಿಮೆ. ನಮ್ಮ ಜಿಲ್ಲೆಗಳ ಚಳಿಗಾಲಕ್ಕೆ 2 ಸಾಕು. ಒಂದೂವರೆ ಸೆಂಟಿಮೀಟರ್ ದಪ್ಪದ ಫೋಮ್ ಮ್ಯಾಟ್ ಅಷ್ಟು ಕೊಡುತ್ತದೆ. ಹಿಮಕ್ಕೆ 4ರಿಂದ 5 ಬೇಕು. ಎರಡು ಮ್ಯಾಟ್ ಒಂದರ ಮೇಲೊಂದು ಹಾಸಿದರೆ ಎರಡರ ಅಂಕಿಯೂ ಕೂಡುತ್ತವೆ. ಹಾಗಾಗಿ ಇರುವ ಗಾಳಿ ಹಾಸಿಗೆಯ ಮೇಲೆ ಒಂದು ಫೋಮ್ ಮ್ಯಾಟ್ ಸೇರಿಸಿದರೂ ನಿಮ್ಮ ತೊಂದರೆ ತೀರುತ್ತದೆ.

ಗಂಗಾವತಿಯವರಿಗೆ ಇನ್ನೊಂದು ಅನುಕೂಲವಿದೆ, ಭತ್ತದ ಹುಲ್ಲು. ಗದ್ದೆಯವರನ್ನು ಕೇಳಿ ಒಣಹುಲ್ಲು ತಂದು, ಒತ್ತಿದ ಮೇಲೂ ನಾಲ್ಕು ಬೆರಳು ದಪ್ಪ ಉಳಿಯುವಂತೆ ಟೆಂಟಿನ ಕೆಳಗೆ ಹರಡಿ, ಮೇಲೆ ತಾಡಪಾಲು ಹಾಸಿ. ಹರಡುವಾಗ ಕೊಡವಿ ಚೇಳು, ಹುಳು ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಹತ್ತಿರದಲ್ಲಿ ಬೆಂಕಿ ಹಾಕಲೇಬಾರದು.

ಪ್ರಶ್ನೆ: ನಮ್ಮ ಮನ್ಯಾಗ ಅವ್ವ ಹೊಲಿದ ಕೌದಿ ಅದ, ಕರಿ ಕಂಬಳಿ ಅದ. ಇವು ಸಾಲಂಗಿಲ್ಲೇನ್ರಿ?
— ಓದುಗರು, ಮಸ್ಕಿ

ಉತ್ತರ: ಊರ ಕಡೆಯ ಗುಡ್ಡಕ್ಕೆ ಧಾರಾಳವಾಗಿ ಸಾಕು. ಬಳ್ಳಾರಿ, ರಾಯಚೂರಿನ ಚಳಿಗಾಲದ ರಾತ್ರಿ ಸಾಮಾನ್ಯವಾಗಿ 14ರಿಂದ 18 ಡಿಗ್ರಿ. ಕಂಬಳಿಯನ್ನು ಎರಡು ಮಡಿಕೆ ಮಾಡಿ ಕೆಳಗೆ ಹಾಸಿ, ಕೌದಿಯನ್ನು ಹೊದೆಯಿರಿ, ತಿರುವುಮುರುವು ಮಾಡಬೇಡಿ. ಉಣ್ಣೆ ಒತ್ತಿದರೂ ಸ್ವಲ್ಪ ಪುಟಿಯುತ್ತದೆ, ತನ್ನ ತೂಕದ ಮೂರರಲ್ಲೊಂದು ಪಾಲಿನಷ್ಟು ತೇವ ಹೀರಿಕೊಂಡರೂ ಕೈಗೆ ಒದ್ದೆ ಎನಿಸುವುದಿಲ್ಲ. ಕೌದಿ ಹತ್ತಿ ಬಟ್ಟೆಯದು. ಇಬ್ಬನಿ ಬಿದ್ದರೆ ಭಾರವಾಗಿ, ತಣ್ಣಗಾಗಿ, ಮರುದಿನ ಮಧ್ಯಾಹ್ನದವರೆಗೂ ಒಣಗುವುದಿಲ್ಲ. ಅದಕ್ಕೇ ಹಿಮದ ನಾಡಿಗೆ ಒಯ್ಯಬಾರದು.

ಪ್ರಶ್ನೆ: ನಮ್ಮದು ಜೀನ್ಸ್ ಹೊಲಿಯೋ ಘಟಕ. ಚೀಲದೊಳಗೆ ಹಾಕೋ ಲೈನರ್ ನಾವೇ ಹೊಲ್ಕೋಬಹುದಾ? ಅಳತೆ ತಿಳಿಸಿ.
— ಓದುಗರು, ಬಳ್ಳಾರಿ

ಉತ್ತರ: ಖಂಡಿತ. ಡೆನಿಮ್ ಮಾತ್ರ ಬೇಡ, ಭಾರ ಹೆಚ್ಚು, ಒಣಗುವುದು ನಿಧಾನ. 150 ಸೆಂಟಿಮೀಟರ್ ಪನ್ನದ ಫ್ಲೀಸ್ ಬಟ್ಟೆ 2.2 ಮೀಟರ್ ತನ್ನಿ. ಪನ್ನವನ್ನು ಎರಡಾಗಿ ಮಡಚಿದರೆ 75 ಸೆಂಟಿಮೀಟರ್ ಅಗಲದ ಚೀಲವಾಯಿತು. ಪಾದದ ಕಡೆ 50ಕ್ಕೆ ಬರುವಂತೆ ಮಂಡಿಯಿಂದ ಕೆಳಗೆ ಓರೆಯಾಗಿ ಕತ್ತರಿಸಿ. ತಳ ಮತ್ತು ಒಂದು ಮಗ್ಗುಲನ್ನು ಒಂದು ಸೆಂಟಿಮೀಟರ್ ಬಿಟ್ಟು ಹೊಲಿದು ಓವರ್‌ಲಾಕ್ ಮಾಡಿ. ಮೇಲ್ಗಡೆ ಮಗ್ಗುಲಲ್ಲಿ 60 ಸೆಂಟಿಮೀಟರ್ ತೆರೆದಿಡಿ, ಇಲ್ಲದಿದ್ದರೆ ರಾತ್ರಿ ಎದ್ದು ಹೊರಬರುವಾಗ ಹೊಲಿಗೆಯೇ ಹರಿಯುತ್ತದೆ. ಆ ತೆರವಿನ ಮೂಲೆಗೆ ಜೀನ್ಸ್ ಜೇಬಿಗೆ ಹಾಕುವಂತೆ ಬಾರ್‌ಟ್ಯಾಕ್, ಅಂದರೆ ಒತ್ತೊತ್ತಾದ ಹೊಲಿಗೆ, ಹಾಕಿ. ಜೀನ್ಸಿನ ದಪ್ಪ ಸೂಜಿ ತೆಗೆದು ಮೊಂಡು ತುದಿಯ 11 ನಂಬರಿನ ಸೂಜಿ ಹಾಕಿ, ದಪ್ಪ ಸೂಜಿಗೆ ಫ್ಲೀಸ್ ತೂತಾಗುತ್ತದೆ. 200 ಜಿಎಸ್‌ಎಂ (ಚದರ ಮೀಟರಿಗೆ 200 ಗ್ರಾಂ) ಬಟ್ಟೆಯಾದರೆ ಇಡೀ ಲೈನರ್ 600 ಗ್ರಾಂ ಮೇಲೆ ತೂಗುತ್ತದೆ, 100 ಜಿಎಸ್‌ಎಂ ಆದರೆ ಅದರ ಅರ್ಧ. ಹೊತ್ತು ನಡೆಯುವವರಿಗೆ 100ರದ್ದೇ ಸಾಕು.

ನಿಮ್ಮ ಕೈಯಲ್ಲಾಗುವ ಇನ್ನೊಂದು ಕೆಲಸ ಜಿಪ್ ರಿಪೇರಿ. ಮುಚ್ಚಿದ ಹಿಂದೆಯೇ ಬಾಯಿ ಬಿಡುತ್ತಿದ್ದರೆ ಹೆಚ್ಚಿನ ಸಲ ಸವೆದಿರುವುದು ಎಳೆಯುವ ರನ್ನರ್, ಹಲ್ಲಲ್ಲ. ರನ್ನರ್ ಹಿಂಭಾಗದಲ್ಲಿ ಕೊರೆದಿರುವ ನಂಬರ್ ನೋಡಿ, ಅದೇ ನಂಬರಿನ ನೈಲಾನ್ ಕಾಯಿಲ್ ಜಿಪ್ಪಿನ ರನ್ನರ್ ಹಾಕಿ. ಜೀನ್ಸಿನ ಲೋಹದ ಜಿಪ್ಪಿನ ರನ್ನರ್ ಇದಕ್ಕೆ ಕೂರುವುದಿಲ್ಲ.

ಪ್ರಶ್ನೆ: ಟೆಂಟಿನೊಳಗೆ ಬುಟ್ಟಿಯಲ್ಲಿ ಕೆಂಡ ಇಟ್ಟುಕೊಂಡರೆ ಹೇಗೆ?
— ಓದುಗರು, ಕುಷ್ಟಗಿ

ಉತ್ತರ: ಬೇಡ, ಒಂದು ಗಳಿಗೆಯೂ ಬೇಡ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಹೊಗೆಯಿಲ್ಲ. ಮಲಗಿದವರಿಗೆ ಎಚ್ಚರವೇ ಆಗದೆ ಪ್ರಾಣ ಹೋಗುತ್ತದೆ. ಗ್ಯಾಸ್ ಒಲೆಗೂ ಇದೇ ಮಾತು. ಅದರ ಬದಲು ಬಿರಡೆ ಬಿಗಿಯಾಗಿರುವ ಒಂದೇ ಪದರದ ಸ್ಟೀಲ್ ಬಾಟಲಿಗೆ ಬಿಸಿನೀರು ತುಂಬಿ, ಸೋರುತ್ತಿಲ್ಲವೆಂದು ತಲೆಕೆಳಗು ಮಾಡಿ ನೋಡಿ, ಕಾಲುಚೀಲದೊಳಗೆ ತೂರಿಸಿ ತೊಡೆಗಳ ನಡುವೆ ಇಟ್ಟುಕೊಳ್ಳಿ. ಥರ್ಮಾಸ್ ಬಾಟಲಿ ಬಿಸಿಯನ್ನು ಹೊರಗೇ ಬಿಡದ್ದರಿಂದ ಇದಕ್ಕೆ ಬರುವುದಿಲ್ಲ. ಮಲಗುವ ಮುನ್ನ ಹೊಟ್ಟೆತುಂಬ ಉಣ್ಣಿ, ಶೇಂಗಾ ಉಂಡಿಯಂಥ ಜಿಡ್ಡಿನ ತಿನಿಸು ಒಳ್ಳೆಯದು. ಚೀಲ ತನ್ನಷ್ಟಕ್ಕೆ ಬಿಸಿ ಹುಟ್ಟಿಸುವುದಿಲ್ಲ, ಹುಟ್ಟಿಸುವುದು ನಿಮ್ಮ ಮೈ.

ಪ್ರಶ್ನೆ: ಸಂಡೂರಿನ ಗುಡ್ಡದ ಕಡೆ ಮಲಗಿದರೆ ಬೆಳಗ್ಗೆ ಚೀಲದ ಮೇಲೆಲ್ಲ ನೀರು. ಟೆಂಟ್ ಸೋರುತ್ತಾ?
— ಓದುಗರು, ತೋರಣಗಲ್ಲು

ಉತ್ತರ: ಸೋರಿಕೆಯಲ್ಲ, ನಿಮ್ಮ ಉಸಿರೇ. ಚಳಿಯೆಂದು ಎಲ್ಲ ಮುಚ್ಚಿದಾಗ ಉಸಿರಿನ ತೇವ ತಣ್ಣನೆಯ ಟೆಂಟ್ ಬಟ್ಟೆಗೆ ತಾಗಿ ಹನಿಯಾಗುತ್ತದೆ. ಮೇಲಿನ ಕಿಂಡಿಯನ್ನೂ ಬಾಗಿಲ ತುದಿಯನ್ನೂ ಸ್ವಲ್ಪ ತೆರೆದಿಡಿ. ಮುಖವನ್ನು ಚೀಲದೊಳಗೆ ಹುದುಗಿಸಿ ಮಲಗಬೇಡಿ, ಆ ತೇವ ತುಂಬಣಿಗೇ ಇಳಿಯುತ್ತದೆ; ಮೂಗು ಬಾಯಿ ಹೊರಗಿರಲಿ, ತಲೆಗೆ ಟೊಪ್ಪಿಗೆ ಇರಲಿ. ನೀರಿನ ಪಕ್ಕದ ತಗ್ಗು ಬಿಟ್ಟು ಸ್ವಲ್ಪ ಎತ್ತರದಲ್ಲಿ ಟೆಂಟ್ ಹಾಕಿ, ಥಂಡಿ ಗಾಳಿ ತಗ್ಗಿಗೇ ಇಳಿದು ನಿಲ್ಲುತ್ತದೆ. ಅಂದಹಾಗೆ ಅದು ಕರಡಿ ತಿರುಗಾಡುವ ಸೀಮೆ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಡಿನಲ್ಲಿ ತಂಗಬೇಡಿ. ಬೆಲ್ಲ, ಹಣ್ಣು, ಶೇಂಗಾ ಟೆಂಟಿನೊಳಗೆ ಇಡಬೇಡಿ.

ಪ್ರಶ್ನೆ: ಡೌನ್ ಚೀಲ ತೊಳೆಯೋದು ಹ್ಯಾಂಗ?
— ಓದುಗರು, ರಾಯಚೂರು

ಉತ್ತರ: ಮಾರ್ಚ್ ತಿಂಗಳ ಒಣಹವೆಗೆ ಕಾದು ತೊಳೆಯಿರಿ. ದೊಡ್ಡ ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು, ಡೌನ್‌ಗೆಂದೇ ಸಿಗುವ ಸೋಪು. ಬಟ್ಟೆ ಸೋಪಿನ ಪುಡಿ ತುಪ್ಪುಳದ ಸಹಜ ಜಿಡ್ಡನ್ನು ತೆಗೆದುಬಿಡುತ್ತದೆ. ಕೈಯಿಂದ ಮೆಲ್ಲಗೆ ಒತ್ತಿ, ನೊರೆ ಪೂರ್ತಿ ಹೋಗುವವರೆಗೆ ನೀರು ಬದಲಿಸಿ. ಹಿಂಡಬಾರದು, ಒದ್ದೆ ಚೀಲವನ್ನು ಒಂದು ತುದಿ ಹಿಡಿದು ಎತ್ತಲೂಬಾರದು. ನೀರಿನ ಭಾರಕ್ಕೆ ಒಳಗಿನ ಅಡ್ಡಗೋಡೆಗಳು ಹರಿಯುತ್ತವೆ. ಎರಡೂ ಕೈಯಲ್ಲಿ ತಬ್ಬಿ ಎತ್ತಿ, ನೆರಳಿನಲ್ಲಿ ಹೊರಸಿನ ಮೇಲೆ ಹರಡಿ, ಗಾಳಿ ಕೆಳಗಿನಿಂದಲೂ ಆಡುತ್ತದೆ. ನಮ್ಮ ಬಿಸಿಲಿಗೆ ನೇರ ಹಾಕಿದರೆ ನೈಲಾನ್ ಬಟ್ಟೆ ಹಾಳು. ಎರಡು ಮೂರು ದಿನ, ಆಗಾಗ ಗಂಟುಗಳನ್ನು ಬೆರಳಿನಿಂದ ಬಿಡಿಸುತ್ತಿರಿ. ಒಂದು ಗಂಟು ಉಳಿದರೂ ಒಳಗೆ ತೇವವಿದೆ ಎಂದರ್ಥ. ಒಣಗಿದ ಮೇಲೆ ಅದರ ಪುಟ್ಟ ಚೀಲಕ್ಕೆ ತುರುಕಿಡಬೇಡಿ. ದೊಡ್ಡ ಹತ್ತಿ ಚೀಲದಲ್ಲಿ ಸಡಿಲವಾಗಿ ಹಾಕಿ ಬೀರುವಿನ ಮೇಲಿಡಿ.

ಪ್ರಶ್ನೆ: ಎಂಟು ವರ್ಷದ ಮಗಳನ್ನ ಕರಕೊಂಡು ಹೋಗಾಕ ದೊಡ್ಡವರ ಚೀಲ ನಡೀತದ?
— ಓದುಗರು, ಕೊಪ್ಪಳ

ಉತ್ತರ: ನಡೆಯುತ್ತದೆ, ಉದ್ದ ಕಡಿಮೆ ಮಾಡಿಕೊಂಡರೆ. ಅವಳ ಪಾದದಿಂದ ಒಂದು ಗೇಣು ಬಿಟ್ಟು ಚೀಲವನ್ನು ಹೊರಗಿನಿಂದ ಮೆತ್ತಗಿನ ಹಗ್ಗದಿಂದ ಕಟ್ಟಿ, ಉಳಿದ ತುದಿಯನ್ನು ಕಾಲಡಿಗೆ ಮಡಚಿ. ಮೇಲೆ ಹೇಳಿದ ಅಂಕಿಗಳೆಲ್ಲ ದೊಡ್ಡವರ ಮೈಗೆ ಅಳೆದದ್ದು, ಮಕ್ಕಳಿಗೆ ಹೊಂದುವುದಿಲ್ಲ. ಹಾಗಾಗಿ ಕಂಫರ್ಟ್ ಅಂಕಿ ಆ ರಾತ್ರಿಯ ತಾಪಕ್ಕಿಂತ ಐದಾರು ಡಿಗ್ರಿ ಕಡಿಮೆ ಇರುವ ಚೀಲ ಆರಿಸಿ. ಹುಡ್ಡಿನ ದಾರವನ್ನು ಮಕ್ಕಳಿಗೆ ಬಿಗಿಯಬೇಡಿ. ನಡುರಾತ್ರಿ ಒಮ್ಮೆ ಎದ್ದು ಅವಳ ಕತ್ತಿನ ಹಿಂಭಾಗ ಮುಟ್ಟಿ ನೋಡಿ: ಬೆವರಿದ್ದರೆ ಜಿಪ್ ಒಂದು ಗೇಣು ಇಳಿಸಿ, ತಣ್ಣಗಿದ್ದರೆ ಇನ್ನೊಂದು ಸ್ವೆಟರ್ ತೊಡಿಸಿ.