ಮಕ್ಕಳನ್ನು ಎಣಿಸುವ ಮೊದಲು ದೊಡ್ಡವರನ್ನು ಎಣಿಸಿ

ನಿಮ್ಮ ಪ್ರಶ್ನೆ ಇಷ್ಟು: ಚರ್ಚ್‌ನ ಹಾಲ್ ವಾರದ ದಿನಗಳಲ್ಲಿ ಸಂಜೆ ಖಾಲಿ ಇರುತ್ತದೆ, ಸಭೆಯ ಹತ್ತು ಮಂದಿ ಸಮಯ ಕೊಡಲು ಸಿದ್ಧರಿದ್ದಾರೆ, ಶಾಲೆ ಬಿಟ್ಟ ಮೇಲೆ ಅರವತ್ತು ಮಕ್ಕಳಿಗೆ ಹೋಂವರ್ಕ್ ಸಹಾಯದ ಜೊತೆಗೆ ತಲಾ ಒಬ್ಬ ಮಾರ್ಗದರ್ಶಕರನ್ನೂ ಕೊಡಲು ಏನೇನು ಬೇಕು? ಹಾಲ್ ಸರಿ, ಹತ್ತು ಮಂದಿ ಸರಿ. ಅರವತ್ತು ಎಂಬ ಸಂಖ್ಯೆಯನ್ನು ಮಾತ್ರ ಈಗಲೇ ಕೈಬಿಡಿ. ಇಪ್ಪತ್ತು ಮಕ್ಕಳು, ವಾರಕ್ಕೆ ಮೂರು ದಿನ, ಮೊದಲ ವರ್ಷ ನಾಲ್ಕೇ ಮಾರ್ಗದರ್ಶಕ ಜೋಡಿಗಳು. ಹತ್ತು ಜನ ಉಸಿರು ಕಟ್ಟದೆ ನಡೆಸಬಹುದಾದದ್ದು ಅಷ್ಟು.

ಲೆಕ್ಕ ಹೇಳುತ್ತೇನೆ. ಆರು ವರ್ಷ ದಾಟಿದ ಹತ್ತರಿಂದ ಹದಿನೈದು ಮಕ್ಕಳಿಗೆ ಒಬ್ಬ ಹಿರಿಯರು ಎಂಬುದು ಇಂಥ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಹೇಳುವ ಪ್ರಮಾಣ. ಅದು ತರಬೇತಿ ಪಡೆದ ಸಿಬ್ಬಂದಿಗೆ ಹೊಂದುತ್ತದೆ. ಹೊಸ ಸ್ವಯಂಸೇವಕರಿಗೆ ಏಳು ಮಕ್ಕಳೇ ಸಾಕಷ್ಟು ಕೆಲಸ. ಇಪ್ಪತ್ತು ಮಕ್ಕಳಿಗೆ ಮೂವರು, ಬಾಗಿಲು ಮತ್ತು ಹಾಜರಿ ಪುಸ್ತಕಕ್ಕೆ ಒಬ್ಬರು, ದಿನಕ್ಕೆ ಒಟ್ಟು ನಾಲ್ವರು. ಮೂರು ದಿನಕ್ಕೆ ಹನ್ನೆರಡು ಪಾಳಿ. ನಾಲ್ವರು ಮಾರ್ಗದರ್ಶಕರು ವಾರಕ್ಕೆ ಒಂದೊಂದು ಪಾಳಿ, ಉಳಿದ ಆರು ಮಂದಿ ಎರಡೆರಡು ಪಾಳಿ ಮಾಡಿದರೆ ಹದಿನಾರು ಆಗುತ್ತದೆ. ಹೆಚ್ಚಿಗೆ ಉಳಿದ ಆ ನಾಲ್ಕು ಪಾಳಿಗಳನ್ನು ಮುಟ್ಟಬೇಡಿ. ಜ್ವರ, ಮದುವೆ, ಕಚೇರಿಯ ತುರ್ತು ಕೆಲಸ ಎಲ್ಲಕ್ಕೂ ಇರುವ ಅವಕಾಶ ಅದೊಂದೇ. ಅದನ್ನು ತುಂಬಿಸಿ ಹತ್ತು ಮಕ್ಕಳನ್ನು ಹೆಚ್ಚಿಗೆ ಸೇರಿಸಿಕೊಂಡ ಕೇಂದ್ರಗಳು ಸಾಮಾನ್ಯವಾಗಿ ಮೂರನೇ ತಿಂಗಳಿಗೆ ಸ್ವಯಂಸೇವಕರನ್ನು ಕಳೆದುಕೊಳ್ಳತೊಡಗುತ್ತವೆ.

ಈ ಹತ್ತು ಮಂದಿಯ ಹೊರತಾಗಿ ಒಬ್ಬ ಸಂಯೋಜಕರು ಬೇಕು. ಕೀಲಿ, ಹಾಜರಿ, ಪೋಷಕರ ಫೋನ್, ಪಾಳಿಪಟ್ಟಿ ಇವೆಲ್ಲ ಒಬ್ಬರ ಕೈಯಲ್ಲಿರಬೇಕು. ಸ್ವಲ್ಪವಾದರೂ ಹಣವಿದ್ದರೆ ಹೊಸ ಪೀಠೋಪಕರಣಕ್ಕೋ ಕಂಪ್ಯೂಟರಿಗೋ ಹಾಕಬೇಡಿ, ಈ ವ್ಯಕ್ತಿಗೆ ಅರೆಕಾಲಿಕ ಸಂಬಳ ಕೊಡಿ. ಸಭಾಪಾಲಕರೇ ಈ ಕೆಲಸವನ್ನೂ ಮಾಡಲಿ ಎಂದರೆ ಮೊದಲ ಮರಣದ ಮನೆಗೆ ಅವರು ಹೊರಟ ದಿನವೇ ಕೇಂದ್ರದ ಬಾಗಿಲು ಮುಚ್ಚಿರುತ್ತದೆ. ಬಾಗಿಲು ಮುಚ್ಚಿದ್ದನ್ನು ಎರಡು ಸಲ ನೋಡಿದ ಮಗು ಮೂರನೇ ಸಲ ಬರುವುದಿಲ್ಲ.

ವಯಸ್ಸಿನ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ಮೊದಲ ವರ್ಷ 9ರಿಂದ 13 ವರ್ಷದವರು ಮಾತ್ರ. ಏಳು ವರ್ಷದವರನ್ನೂ ಹದಿನಾರರವರನ್ನೂ ಒಂದೇ ಹಾಲ್‌ನಲ್ಲಿ ಕೂರಿಸಿದರೆ ದೊಡ್ಡವರಿಗೆ ಅದು ಮಕ್ಕಳ ಜಾಗ ಅನ್ನಿಸಿ ಹೋಗಿಬಿಡುತ್ತಾರೆ, ಚಿಕ್ಕವರಿಗೆ ಹೆದರಿಕೆ. ಹದಿಹರೆಯದವರಿಗೆ ಮುಂದೆ ಬೇರೆ ಹೊತ್ತು, ಬೇರೆ ಕೋಣೆ ಮಾಡಿ, ಆಗ ಅವರಿಗೆ ಜವಾಬ್ದಾರಿಯನ್ನೂ ಕೊಡಿ. ಇದು ಹಳೆಯ ಪಾಠ. ಗ್ಲಾಸ್ಗೊದ ಸಂಡೇ ಸ್ಕೂಲ್ ಶಿಕ್ಷಕ ವಿಲಿಯಂ ಅಲೆಕ್ಸಾಂಡರ್ ಸ್ಮಿತ್ 1883ರ ಅಕ್ಟೋಬರ್ 4ರಂದು ಬಾಯ್ಸ್ ಬ್ರಿಗೇಡ್ ಶುರುಮಾಡಿದ್ದು, ಬೆಳೆಯುತ್ತಿದ್ದ ಹುಡುಗರನ್ನು ಬರೀ ಪಾಠದಿಂದ ಹಿಡಿದಿಡಲಾಗುವುದಿಲ್ಲ ಎಂದು ಕಂಡುಕೊಂಡ ಮೇಲೆ. ಅವರು ಹುಡುಗರಿಗೆ ಕವಾಯತು, ಆಟ, ದರ್ಜೆ, ಹೊಣೆ ಎಲ್ಲ ಕೊಟ್ಟರು. ನಿಮ್ಮಲ್ಲಿ ಕವಾಯತು ಬೇಕಿಲ್ಲ, ಆದರೆ ಹದಿನೈದರ ಹುಡುಗಿಗೆ ಆಟದ ಸಾಮಾನಿನ ಕೋಣೆಯ ಉಸ್ತುವಾರಿ ಕೊಟ್ಟು ನೋಡಿ. ಹಿರಿಯರ ಸಂಖ್ಯೆಯಲ್ಲಿ ಮಾತ್ರ ಅವಳನ್ನು ಎಣಿಸಬೇಡಿ.

ದಿನದ ಕ್ರಮ ಎರಡೂವರೆ ಗಂಟೆಯದ್ದಿರಲಿ. ಬಂದವರು ಹೆಸರು ಬರೆದು, ಕೈತೊಳೆದು, ತಿಂಡಿ ತಿನ್ನಲು ಇಪ್ಪತ್ತೈದು ನಿಮಿಷ. ಆಮೇಲೆ ಇಪ್ಪತ್ತು ನಿಮಿಷ ಓಡಾಟದ ಆಟ. ಅದರ ನಂತರ ನಲವತ್ತೈದು ನಿಮಿಷ ಹೋಂವರ್ಕ್ ಮತ್ತು ಓದು, ನಲವತ್ತು ನಿಮಿಷ ಚಟುವಟಿಕೆ, ಹತ್ತು ನಿಮಿಷ ಎಲ್ಲರೂ ಸುತ್ತ ಕುಳಿತು ದಿನ ಮುಗಿಸುವುದು, ಕೊನೆಯ ಹತ್ತು ನಿಮಿಷ ಮನೆಯವರಿಗೆ ಒಪ್ಪಿಸುವುದು. ತಿಂಡಿ ಮತ್ತು ಆಟವನ್ನು ಹೋಂವರ್ಕ್ ಮುಗಿಸಿದವರಿಗೆ ಬಹುಮಾನದಂತೆ ಕೊನೆಗಿಡುವ ತಪ್ಪನ್ನು ಬಹಳ ಜನ ಮಾಡುತ್ತಾರೆ. ಹಸಿದು, ಆರೇಳು ಗಂಟೆ ಬೆಂಚಿನ ಮೇಲೆ ಕೂತು ಬಂದ ಮಗುವಿನಿಂದ ಗಮನ ಕೇಳುವುದು ನ್ಯಾಯವಲ್ಲ. ಗಲಾಟೆ ಮಾಡುತ್ತಾನೆ ಎಂದು ದೂರುವ ಹೊತ್ತಿನಲ್ಲಿ ಅವನಿಗೆ ಬೇಕಾಗಿರುವುದು ಹೆಚ್ಚಾಗಿ ಒಂದು ತಟ್ಟೆ ತಿಂಡಿ, ಒಂದು ಚೆಂಡು. ತಿಂಡಿಯ ಅಲರ್ಜಿಗಳ ಪಟ್ಟಿ ಅಡುಗೆಮನೆಯ ಗೋಡೆಯ ಮೇಲಿರಲಿ, ಕಡತದೊಳಗೆ ಬೇಡ.

ಹೋಂವರ್ಕ್ ಮೇಜಿನಲ್ಲಿ ಒಂದೇ ನಿಯಮ: ಪೆನ್ಸಿಲ್ ಯಾವಾಗಲೂ ಮಗುವಿನ ಕೈಯಲ್ಲಿರಬೇಕು. ಸ್ವಯಂಸೇವಕರ ಕೈಗೆ ಬಂದ ಕ್ಷಣ ಉತ್ತರ ಅವರದಾಗುತ್ತದೆ. ಮಗುವಿಗೆ ಪಾಠವೇ ಅರ್ಥವಾಗದಿದ್ದರೆ ಪೋಷಕರ ಒಪ್ಪಿಗೆ ಪಡೆದು ಶಿಕ್ಷಕರಿಗೆ ಎರಡು ಸಾಲಿನ ಚೀಟಿ ಬರೆಯಿರಿ: ಇಷ್ಟು ಮಾಡಿದ, ಇಲ್ಲಿ ನಿಂತ. ಪುಟ ತುಂಬಿಸಿ ಕಳುಹಿಸುವುದಕ್ಕಿಂತ ಅದು ಹೆಚ್ಚು ಉಪಕಾರ.

ಓದು ತಡವರಿಸುವ ಮಕ್ಕಳಿಗೆ ಕೀತ್ ಟಾಪಿಂಗ್ ಬೆಳೆಸಿ ಪ್ರಚಾರಕ್ಕೆ ತಂದ ಜೋಡಿ ಓದಿನ ಪದ್ಧತಿ ಬಳಸಿ, ಅರ್ಧ ಗಂಟೆಯಲ್ಲಿ ಯಾರಿಗಾದರೂ ಕಲಿಸಬಹುದು. ಪುಸ್ತಕ ಮಗುವಿನ ಆಯ್ಕೆ. ಇಬ್ಬರೂ ಒಟ್ಟಿಗೆ ಗಟ್ಟಿಯಾಗಿ, ಮಗುವಿನ ವೇಗದಲ್ಲಿ ಓದುವುದು. ಒಬ್ಬನೇ ಓದಬಲ್ಲೆ ಅನ್ನಿಸಿದಾಗ ಮಗು ಮೇಜು ತಟ್ಟುತ್ತದೆ, ಹಿರಿಯರು ಸುಮ್ಮನಾಗಿ ಒಂದು ಮೆಚ್ಚುಗೆಯ ಮಾತು ಹೇಳುತ್ತಾರೆ. ತಪ್ಪಿದರೆ ನಾಲ್ಕೈದು ಸೆಕೆಂಡು ಕಾಯುವುದು. ತಾನೇ ತಿದ್ದಿಕೊಳ್ಳದಿದ್ದರೆ ಪದವನ್ನು ಹೇಳುವುದು, ಮಗು ಅದನ್ನು ಮತ್ತೆ ಹೇಳುವುದು, ಒಟ್ಟಿಗೆ ಮುಂದುವರಿಯುವುದು. ಅಕ್ಷರ ಬಿಡಿಸಿ ಹೇಳು ಎಂದು ನಡುವೆ ನಿಲ್ಲಿಸಬಾರದು. ಆ ನಾಲ್ಕೈದು ಸೆಕೆಂಡು ಕಾಯುವುದೇ ಹೊಸಬರಿಗೆ ಕಷ್ಟ, ಮನಸ್ಸಿನಲ್ಲೇ ಎಣಿಸಲು ಹೇಳಿ.

ಚಟುವಟಿಕೆಯ ನಲವತ್ತು ನಿಮಿಷವನ್ನು ದಿನಕ್ಕೊಂದು ಹೊಸ ಆಟದಿಂದ ತುಂಬಿಸಬೇಡಿ. ಶಾಲೆಯ ನಂತರದ ಕಾರ್ಯಕ್ರಮಗಳ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ ನೋಡಿದ ಡರ್ಲಾಕ್ ಮತ್ತು ವೈಸ್‌ಬರ್ಗ್ ಅವರ ಪರಿಶೀಲನೆಯಲ್ಲಿ ಮಕ್ಕಳ ನಡವಳಿಕೆಯಲ್ಲಿ ಬದಲಾವಣೆ ಕಂಡದ್ದು ನಾಲ್ಕು ಗುಣಗಳಿದ್ದ ಕಾರ್ಯಕ್ರಮಗಳಲ್ಲಿ: ಹಂತಹಂತವಾಗಿ ಸಾಗುವುದು, ಮಕ್ಕಳೇ ಮಾಡುವುದು, ಅದಕ್ಕೆಂದೇ ಹೊತ್ತು ಮೀಸಲಿಡುವುದು, ಏನು ಕಲಿಯುತ್ತಿದ್ದೇವೆಂದು ಬಾಯಿಬಿಟ್ಟು ಹೇಳುವುದು. ಹಾಗಾಗಿ ಎಂಟು ವಾರಕ್ಕೆ ಒಂದೇ ವಿಷಯ ಹಿಡಿಯಿರಿ. ನಾಟಕ, ಸೈಕಲ್ ರಿಪೇರಿ, ಗಿಟಾರ್, ನಿಮ್ಮ ಹತ್ತು ಜನಕ್ಕೆ ನಿಜವಾಗಿ ಬರುವುದು ಯಾವುದಾದರೂ ಸರಿ. ಎಂಟನೇ ವಾರ ಮನೆಯವರನ್ನು ಕರೆದು ತೋರಿಸಿ.

ಈಗ ಮಾರ್ಗದರ್ಶನ. ನಾಲ್ಕೇ ಜೋಡಿ ಎಂದು ಹಠ ಹಿಡಿಯುವುದಕ್ಕೆ ಕಾರಣವಿದೆ. ಅಮೆರಿಕದ ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್ ಕಾರ್ಯಕ್ರಮದಲ್ಲಿ 10ರಿಂದ 16 ವರ್ಷದ 959 ಮಕ್ಕಳನ್ನು 18 ತಿಂಗಳು ಅನುಸರಿಸಿದ ಅಧ್ಯಯನ 1995ರಲ್ಲಿ ಪ್ರಕಟವಾಯಿತು. ಮಾರ್ಗದರ್ಶಕರು ಸಿಕ್ಕವರಲ್ಲಿ ಮಾದಕ ವಸ್ತು ಶುರುಮಾಡುವ ಸಾಧ್ಯತೆ, ಸಿಗದೆ ಕಾಯುತ್ತಿದ್ದವರಿಗಿಂತ ಶೇ. 46ರಷ್ಟು, ಮದ್ಯ ಶುರುಮಾಡುವುದು ಶೇ. 27ರಷ್ಟು ಕಡಿಮೆ ಇತ್ತು. ಎಲ್ಲರೂ ಉಲ್ಲೇಖಿಸುವುದು ಇದನ್ನೇ. ಅದೇ ಮಾಹಿತಿಯನ್ನು ಮತ್ತೆ ಬಗೆದು ನೋಡಿ ಗ್ರಾಸ್‌ಮನ್ ಮತ್ತು ರೋಡ್ಸ್ 2002ರಲ್ಲಿ ಬರೆದದ್ದನ್ನು ಕಡಿಮೆ ಜನ ಓದಿದ್ದಾರೆ. ಒಂದು ವರ್ಷ ದಾಟಿದ ಜೋಡಿಗಳಲ್ಲೇ ಪ್ರಯೋಜನ ಅತಿ ಹೆಚ್ಚು. ಮೂರು ತಿಂಗಳೊಳಗೆ ಮುರಿದುಬಿದ್ದ ಜೋಡಿಗಳ ಮಕ್ಕಳಲ್ಲಿ ತಮ್ಮ ಬಗೆಗಿನ ಭರವಸೆ ಕುಗ್ಗಿತ್ತು. ಅಂದರೆ ಅರ್ಧಕ್ಕೆ ಬಿಡುವ ಮಾರ್ಗದರ್ಶಕರು ಮಗುವಿಗೆ ನಷ್ಟವನ್ನೇ ಮಾಡುತ್ತಾರೆ. ಮೊದಲೇ ಯಾರೋ ಬಿಟ್ಟುಹೋದ ಮಗುವಿಗೆ ಇನ್ನೊಬ್ಬರು ಬಿಟ್ಟುಹೋದದ್ದು ಏನು ಹೇಳಿಕೊಡುತ್ತದೆಂದು ಯೋಚಿಸಿ. ಅದಕ್ಕೇ ಹತ್ತು ಜನರಲ್ಲಿ ಮುಂದಿನ ಹನ್ನೆರಡು ತಿಂಗಳು ಊರು ಬಿಡದ, ಪರೀಕ್ಷೆ, ಮದುವೆ, ಕೆಲಸ ಬದಲಾವಣೆ ಯಾವುದೂ ಎದುರಿಗಿಲ್ಲದ ನಾಲ್ವರನ್ನು ಆರಿಸಿ. ಉತ್ಸಾಹ ನೋಡಬೇಡಿ, ದಿನಚರಿ ನೋಡಿ.

ಆಯ್ಕೆಯ ಹಂತಗಳಲ್ಲಿ ಯಾರಿಗೂ ವಿನಾಯಿತಿ ಕೊಡಬೇಡಿ: ಲಿಖಿತ ಅರ್ಜಿ, ಮುಖಾಮುಖಿ ಸಂದರ್ಶನ, ಸಂಬಂಧಿಕರಲ್ಲದ ಇಬ್ಬರ ಬಳಿ ಅವರ ಬಗ್ಗೆ ವಿಚಾರಣೆ, ನಿಮ್ಮಲ್ಲಿನ ಕಾನೂನಿನಂತೆ ಪೊಲೀಸ್ ತಪಾಸಣೆ, ಸಭೆಗೆ ಬಂದು ಕನಿಷ್ಠ ಆರು ತಿಂಗಳಾಗಿರುವುದು. ಜೋಡಿ ಮಾಡುವ ಮುನ್ನ ಕನಿಷ್ಠ ಎರಡು ಗಂಟೆ ತರಬೇತಿ. ಜೋಡಿ ಮಾಡುವಾಗ ಇಬ್ಬರಿಗೂ ಇಷ್ಟವಾದದ್ದು ಒಂದಾದರೂ ಇರಲಿ. ಹುಡುಗನಿಗೆ ಚದುರಂಗ ಹುಚ್ಚಾದರೆ ಚದುರಂಗ ಬಲ್ಲವರನ್ನೇ ಕೊಡಿ, ಮಾತು ಅದರ ಬೆನ್ನಿಗೇ ಬರುತ್ತದೆ. ವಾರಕ್ಕೆ ಒಂದು ಗಂಟೆ, ಒಂದೇ ದಿನ, ಒಂದೇ ಹೊತ್ತು, ಕೇಂದ್ರದ ಹಾಲ್‌ನಲ್ಲೇ. ಉಳಿದವರ ಕಣ್ಣಿಗೆ ಬೀಳಬೇಕು, ಕಿವಿಗೆ ಬೀಳಬಾರದು, ಅಂಥ ಮೂಲೆ ಹುಡುಕಿ.

ಮೊದಲ ಆರೇಳು ವಾರ ಮಗು ಹೆಚ್ಚು ಮಾತಾಡದಿರುವುದು ಸಹಜ. ಇಲ್ಲಿಯೇ ಒಳ್ಳೆಯ ಮನಸ್ಸಿನವರು ಎಡವುವುದು. ಮೌನ ತುಂಬಲು ಉಪದೇಶ ಶುರುಮಾಡುತ್ತಾರೆ, ಅಂಕ ಏರಿಸುವ ಗುರಿ ಇಡುತ್ತಾರೆ, ಕೆಟ್ಟ ಅಭ್ಯಾಸ ಬಿಡಿಸಲು ಹೊರಡುತ್ತಾರೆ. ಆಗ ಮಗುವಿಗೆ ಅವರು ಇನ್ನೊಬ್ಬ ಮೇಷ್ಟ್ರು. ತಿದ್ದಲು ಹೊರಟವರ ಜೋಡಿಗಳು ಬೇಗ ಮುರಿಯುತ್ತವೆ, ಮೊದಲು ಸ್ನೇಹ ಕಟ್ಟಿಕೊಂಡವರದ್ದು ಉಳಿಯುತ್ತದೆ. ಉಡುಗೊರೆ, ಹಣ ಬೇಡವೇ ಬೇಡ, ಆಮೇಲೆ ಅದಿಲ್ಲದೆ ಭೇಟಿ ಸಪ್ಪೆಯಾಗುತ್ತದೆ. ಸಂಯೋಜಕರು ಮೊದಲ ತಿಂಗಳು ಎರಡು ಸಲ, ಆಮೇಲೆ ತಿಂಗಳಿಗೊಮ್ಮೆ ಮಾರ್ಗದರ್ಶಕರನ್ನೂ ಮಗುವನ್ನೂ ಮನೆಯವರನ್ನೂ ಬೇರೆಬೇರೆಯಾಗಿ ವಿಚಾರಿಸಬೇಕು. ಬೇಸರ ಇರುವುದು ಸಾಮಾನ್ಯವಾಗಿ ಮನೆಯವರ ಮಾತಿನಲ್ಲೇ ಮೊದಲು ಗೊತ್ತಾಗುತ್ತದೆ.

ಮಕ್ಕಳ ಸುರಕ್ಷತೆಯ ಬಗ್ಗೆ ನೀವು ಕೇಳಿಲ್ಲ, ಆದರೆ ಇದಿಲ್ಲದೆ ಬಾಗಿಲು ತೆರೆಯಬಾರದು. ಕಟ್ಟಡದಲ್ಲಿ ಒಂದು ಮಗುವಿದ್ದರೂ ಇಬ್ಬರು ಹಿರಿಯರಿರಬೇಕು. ಮನೆಯವರು ತಡಮಾಡಿದ ಸಂಜೆ ಇದು ಪರೀಕ್ಷೆಗೆ ಬರುತ್ತದೆ, ಆದ್ದರಿಂದ ಪಾಳಿಪಟ್ಟಿಯಲ್ಲಿ ಕೊನೆಗೆ ಉಳಿಯುವ ಇಬ್ಬರ ಹೆಸರು ಮೊದಲೇ ಬರೆದಿರಲಿ. ಕೋಣೆಯ ಬಾಗಿಲಿಗೆ ಗಾಜಿನ ಕಿಂಡಿ ಇಲ್ಲವಾದರೆ ಬಾಗಿಲು ತೆರೆದೇ ಇರಲಿ. ಮಗುವಿಗೆ ಖಾಸಗಿ ಮೆಸೇಜ್ ಕಳುಹಿಸುವಂತಿಲ್ಲ, ಪೋಷಕರಿರುವ ಗುಂಪಿನಲ್ಲಿ ಮಾತ್ರ. ಯಾರು ಕರೆದೊಯ್ಯಬಹುದು ಎಂಬ ಹೆಸರುಗಳನ್ನು ಸೇರ್ಪಡೆಯ ಅರ್ಜಿಯಲ್ಲೇ ಪಡೆಯಿರಿ. ಪಟ್ಟಿಯಲ್ಲಿಲ್ಲದವರು ಚಿಕ್ಕಪ್ಪನೇ ಆದರೂ ಫೋನ್ ಮಾಡಿ ಕೇಳಿದ ಮೇಲೆಯೇ.

ಮಗು ತನಗಾದ ನೋವನ್ನು ಹೇಳಿಕೊಂಡರೆ ಸಮಾಧಾನವಾಗಿ ಕೇಳಿ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಬೇಡಿ, ಸಹಾಯ ಮಾಡಬಲ್ಲವರಿಗೆ ಹೇಳಲೇಬೇಕು ಎಂದು ತಿಳಿಸಿ. ಕೆದಕಿ ಪ್ರಶ್ನೆ ಕೇಳಬೇಡಿ. ಅದೇ ದಿನ, ಮಗುವಿನದೇ ಮಾತುಗಳಲ್ಲಿ, ತಾರೀಖು ಹೊತ್ತು ಹಾಕಿ ಬರೆದು ಸುರಕ್ಷತೆಯ ಹೊಣೆ ಹೊತ್ತವರಿಗೆ ಕೊಡಿ, ಅವರು ಕಾನೂನು ಹೇಳುವ ಅಧಿಕಾರಿಗೆ ತಿಳಿಸಬೇಕು. ಹೊಣೆ ಹೊತ್ತವರು ಇಬ್ಬರಿರಲಿ, ಒಬ್ಬರಾದರೂ ಮಹಿಳೆ, ಸಭಾಪಾಲಕರು ಇಬ್ಬರಲ್ಲೊಬ್ಬರಾಗುವುದು ಬೇಡ. ಚರ್ಚ್‌ಗಳು ಸೋಲುವುದು ಇಲ್ಲಿ: ನಮ್ಮವರೇ ಎಂಬ ನಂಬಿಕೆ, ಸಭೆಯ ಹೆಸರು ಕೆಟ್ಟೀತೆಂಬ ಭಯ, ತಪ್ಪೊಪ್ಪಿಕೊಂಡರು ಕ್ಷಮಿಸಿದೆವು ಎಂಬ ತೀರ್ಮಾನ. ಕ್ಷಮಾಪಣೆ ದೇವರ ಮುಂದಿನ ವಿಷಯ, ದೂರು ಕೊಡುವುದು ಮಗುವಿಗೆ ನಾವು ಸಲ್ಲಿಸಬೇಕಾದದ್ದು. ಒಂದು ಮಾಡಿದ್ದರಿಂದ ಇನ್ನೊಂದು ತೀರುವುದಿಲ್ಲ.

ಪ್ರಾರ್ಥನೆ, ಬೈಬಲ್ ಎಲ್ಲಿ ಬರಬೇಕು? ಅರ್ಜಿಯ ಮೊದಲ ಪುಟದಲ್ಲೇ, ದಪ್ಪ ಅಕ್ಷರದಲ್ಲಿ: ಇದು ಕ್ರೈಸ್ತ ಸಭೆಯೊಂದು ನಡೆಸುವ ಕೇಂದ್ರ, ಎಲ್ಲರೂ ಸುತ್ತ ಕುಳಿತು ದಿನ ಮುಗಿಸುವ ಹತ್ತು ನಿಮಿಷದಲ್ಲಿ ಒಂದು ಬೈಬಲ್ ಕಥೆ ಮತ್ತು ಪ್ರಾರ್ಥನೆ ಇರುತ್ತದೆ, ಬೇಡವೆಂದವರಿಗೆ ಅದೇ ಹೊತ್ತಿನಲ್ಲಿ ಚಿತ್ರ ಬಿಡಿಸುವ ಮೇಜು ಇರುತ್ತದೆ. ತಿಂಡಿ, ಪಾಠ, ಮಾರ್ಗದರ್ಶಕರು ಯಾವುದಕ್ಕೂ ಪ್ರಾರ್ಥನೆ ಷರತ್ತಲ್ಲ. ಬೇರೆ ಧರ್ಮದ ಮನೆಯವರು ಇದನ್ನು ಓದಿಯೇ ಮಕ್ಕಳನ್ನು ಕಳುಹಿಸುತ್ತಾರೆ. ಮುಚ್ಚಿಟ್ಟು ಆಮೇಲೆ ತಿಳಿದರೆ ಒಬ್ಬರೂ ಉಳಿಯುವುದಿಲ್ಲ, ಉಳಿಯಬೇಕಾಗಿಯೂ ಇಲ್ಲ. ಮಾರ್ಗದರ್ಶಕರು ತಮ್ಮ ವಿಶ್ವಾಸವನ್ನು ಮಗು ಕೇಳಿದಾಗ ಹೇಳಲಿ, ಮನಸ್ಸು ಬದಲಿಸುವ ಗುರಿಯಿಂದ ಬೇಡ. ಸಂಡೇ ಸ್ಕೂಲ್‌ಗಳು 1780ರ ದಶಕದ ಇಂಗ್ಲೆಂಡಿನಲ್ಲಿ ಹರಡಿದ್ದು ವಾರವೆಲ್ಲ ದುಡಿಯುವ ಮಕ್ಕಳಿಗೆ ಓದು ಕಲಿಸುತ್ತ. ಅಕ್ಷರ ಕಲಿಸುವುದು ವಿಶ್ವಾಸದ ಕೆಲಸಕ್ಕಿಂತ ಕೆಳಗಿನದು ಎಂಬ ಮಾತನ್ನು ಸಭೆಯಲ್ಲಿ ಯಾರಾದರೂ ಎತ್ತಿದರೆ ಇದನ್ನು ನೆನಪಿಸಿ.

ಹಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ತಿಂಡಿ, ಸಂಯೋಜಕರ ಸಂಬಳ, ವಿಮೆ, ಕಾಗದ ಪೆನ್ಸಿಲ್, ಪ್ರಥಮ ಚಿಕಿತ್ಸೆ, ಈ ಐದಕ್ಕೆ ಒಂದು ವರ್ಷದ ಹಣ ಕೈಯಲ್ಲಿದ್ದಾಗ ಮಾತ್ರ ತೆರೆಯಿರಿ.

ತೆರೆಯುವ ಮೊದಲಿನ ಎಂಟು ವಾರವನ್ನು ಹೀಗೆ ಹಂಚಿ: ಎರಡು ವಾರ ಸುರಕ್ಷತಾ ನಿಯಮ ಬರೆದು ಸಭೆಯ ಸಮಿತಿಯಿಂದ ಒಪ್ಪಿಗೆ, ಮೂರು ವಾರ ಆಯ್ಕೆ ಮತ್ತು ತಪಾಸಣೆ, ಒಂದು ವಾರ ತರಬೇತಿ, ಒಂದು ವಾರ ಹತ್ತಿರದ ಶಾಲೆಯ ಮುಖ್ಯೋಪಾಧ್ಯಾಯರನ್ನೂ ಮನೆಗಳನ್ನೂ ಭೇಟಿಯಾಗುವುದು, ಕೊನೆಯ ವಾರ ಸಭೆಯದೇ ಆರೇಳು ಮಕ್ಕಳೊಂದಿಗೆ ತಾಲೀಮು. ಪೊಲೀಸ್ ತಪಾಸಣೆ ತಡವಾದರೆ ತೆರೆಯುವ ದಿನವನ್ನು ಮುಂದೂಡಿ. ಮಾರ್ಗದರ್ಶಕ ಜೋಡಿಗಳನ್ನು ಮೊದಲ ದಿನವೇ ಮಾಡಬೇಡಿ. ಎರಡು ತಿಂಗಳು ಮಕ್ಕಳನ್ನು ನೋಡಿದ ಮೇಲೆ ಯಾವ ಮಗುವಿಗೆ ಯಾರು ಎಂಬುದು ನಿಮಗೇ ಕಾಣುತ್ತದೆ. ಮಗು ಒಪ್ಪಬೇಕು, ಮನೆಯವರೂ ಒಪ್ಪಬೇಕು.

ಜೋಡಿ ಮುಗಿಯುವ ದಿನವೂ ಬರುತ್ತದೆ. ಮೂರು ಭೇಟಿ ಮೊದಲೇ ಮಗುವಿಗೆ ಹೇಳಿ, ಕಾರಣ ಹೇಳಿ, ಅದು ಅವನ ತಪ್ಪಲ್ಲವೆಂದು ಹೇಳಿ. ಕೊನೆಯ ಭೇಟಿಯಲ್ಲಿ ಇಬ್ಬರೂ ಸೇರಿ ಮಾಡಿದ್ದೇನೆಂದು ಒಂದು ಹಾಳೆಯಲ್ಲಿ ಬರೆದು ಅವನ ಕೈಗೆ ಕೊಡಿ. ಮತ್ತೆ ಬರುತ್ತೇನೆ ಎಂಬ ಮಾತನ್ನು ಖಂಡಿತ ಬರುವವರು ಮಾತ್ರ ಆಡಲಿ.